ಇಂಗ್ಲಿಷ್ ಮೇಷ್ಟ್ರ ಕನ್ನಡ

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಗೆ ಇಂಗ್ಲಿಷ್ ವಿಷಯ ಪರಿವೀಕ್ಷಕರು ಬಂದಿದ್ದರು. ತುಮಕೂರು ಜಿಲ್ಲೆಯ ಒಂದು ಹೋಬಳಿ ಕೇಂದ್ರದ ಸರ್ಕಾರಿ ಪ್ರೌಢಶಾಲೆ ಅದು. ಮೇಷ್ಟ್ರು ಬೋರ್ಡಿನ ಮೇಲೆ ಮೂರು ಇಂಗ್ಲಿಷ್ ವಾಕ್ಯ ಬರೆದು ಅವುಗಳ ನಡುವಿನ ವ್ಯತ್ಯಾಸವನ್ನು ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು. ಹೊರಗೆ ಜೀಪು ನಿಂತ ಸದ್ದಾಯಿತು. ಮೇಷ್ಟ್ರ ಕನ್ನಡ ಅರ್ಧ ವಾಕ್ಯದಲ್ಲೇ ನಿಂತಿತು. ಮೇಜಿನ ಮೇಲಿದ್ದ ಡಸ್ಟರನ್ನು ಎತ್ತಿ ಹಿಡಿದು 'ವಾಟ್ ಈಸ್ ದಿಸ್?' ಎಂದರು. ಹದಿನಾಲ್ಕು ವರ್ಷದ ನಾವೆಲ್ಲ ಒಂದೇ ರಾಗದಲ್ಲಿ 'ದಿಸ್ ಈಸ್ ಎ ಡಸ್ಟರ್' ಎಂದೆವು. ಪರಿವೀಕ್ಷಕರು ಹತ್ತು ನಿಮಿಷ ಹಿಂದಿನ ಬೆಂಚಿನಲ್ಲಿ ಕೂತು, ಏನೋ ಬರೆದುಕೊಂಡು, ತೃಪ್ತಿಯಿಂದ ಎದ್ದು ಹೋದರು. ಮೇಷ್ಟ್ರು ಕರವಸ್ತ್ರದಿಂದ ಹಣೆ ಒರೆಸಿಕೊಂಡು 'ಎಲ್ಲಿದ್ವಿ?' ಎಂದು ಕೇಳಿ ಮತ್ತೆ ಕನ್ನಡಕ್ಕೆ ಮರಳಿದರು. ನಾವು ನಕ್ಕೆವು. ಅವರು ನಗಲಿಲ್ಲ.

ಈಗ ನನ್ನ ಸಂಶೋಧನೆಯ ವಿಷಯ ಪ್ರೌಢಶಾಲೆಯ ಇಂಗ್ಲಿಷ್ ಶಿಕ್ಷಕರ ತರಬೇತಿಯ ಚರಿತ್ರೆ. ಹಳೆಯ ಆಯೋಗಗಳ ವರದಿಗಳನ್ನೂ ಬೋಧನಾ ವಿಧಾನದ ಪುಸ್ತಕಗಳನ್ನೂ ಓದುವಾಗ ಆ ಡಸ್ಟರ್ ಮತ್ತೆ ಮತ್ತೆ ಕಣ್ಣೆದುರು ಬರುತ್ತದೆ. ಇಪ್ಪತ್ತೈದು ವರ್ಷಕ್ಕೂ ಮಿಕ್ಕಿ ಸೇವೆ ಮಾಡಿದ್ದ ಒಬ್ಬ ಮೇಷ್ಟ್ರು ತನ್ನ ತರಗತಿಯಲ್ಲೇ ತನ್ನ ಭಾಷೆಯನ್ನು ಹೀಗೆ ಬಚ್ಚಿಡಬೇಕಾಗಿ ಬಂದದ್ದು ಏಕೆ? ಕನ್ನಡ ಬಳಸಬಾರದೆಂಬ ಆ ನಿಯಮ ಎಲ್ಲಿಂದ ಬಂತು? ಈ ಲೇಖನ ಆ ಪ್ರಶ್ನೆಯನ್ನು ಹಿಂಬಾಲಿಸುವ ಪ್ರಯತ್ನ.

ಆರಂಭದಲ್ಲಿ ಅಂಥ ನಿಯಮವಿರಲಿಲ್ಲ. 1835ರಲ್ಲಿ ಮೆಕಾಲೆ ತನ್ನ ಟಿಪ್ಪಣಿಯನ್ನು ಬರೆದದ್ದು ನಮಗೆಲ್ಲ ಗೊತ್ತು. ಆದರೆ ಶಿಕ್ಷಕರ ತರಬೇತಿಯ ಚರಿತ್ರೆಗೆ ಅದಕ್ಕಿಂತ ಮುಖ್ಯವಾದದ್ದು 1854ರ ವುಡ್ಸ್ ಡಿಸ್ಪ್ಯಾಚ್. ಶಿಕ್ಷಕರನ್ನು ತಯಾರು ಮಾಡಲು ನಾರ್ಮಲ್ ಸ್ಕೂಲುಗಳು ಬೇಕೆಂದು ಒತ್ತಿ ಹೇಳಿದ ದಾಖಲೆ ಅದು. ಎರಡೇ ವರ್ಷಗಳಲ್ಲಿ, 1856ರಲ್ಲಿ, ಮದರಾಸಿನಲ್ಲಿ ಸರ್ಕಾರಿ ನಾರ್ಮಲ್ ಸ್ಕೂಲ್ ಆರಂಭವಾಯಿತು. ಮುಂದೆ ಸೈದಾಪೇಟೆಯ ಟೀಚರ್ಸ್ ಕಾಲೇಜೆಂದು ಹೆಸರಾದದ್ದು ಅದೇ. ಆ ಕಾಲದ ಪಾಠಕ್ರಮವೆಂದರೆ ವ್ಯಾಕರಣ ಮತ್ತು ಅನುವಾದ. ಪದ್ಯವನ್ನೋ ಗದ್ಯವನ್ನೋ ಓದು, ಪದದ ಅರ್ಥ ಬರೆದುಕೋ, ದೇಶಭಾಷೆಗೆ ತಿರುಗಿಸು, ನಿಯಮವನ್ನು ಬಾಯಿಪಾಠ ಮಾಡು. ಈ ವಿಧಾನದಲ್ಲಿ ದೇಶಭಾಷೆ ತರಗತಿಯಲ್ಲಿ ಇರಲೇಬೇಕಿತ್ತು. ಅದಿಲ್ಲದೆ ಪಾಠವೇ ನಡೆಯುತ್ತಿರಲಿಲ್ಲ.

ಇದರ ಕೊರತೆಯೂ ಬೇಗನೆ ಕಾಣಿಸಿತು. ವರ್ಷಗಟ್ಟಲೆ ವ್ಯಾಕರಣ ಓದಿದ ಹುಡುಗ ಒಂದು ವಾಕ್ಯ ಆಡಲಾರ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಯುರೋಪಿನಲ್ಲಿ ಇದಕ್ಕೆ ಎದುರಾಗಿ ನೇರ ವಿಧಾನ ಹುಟ್ಟಿಕೊಂಡಿತು. ಮಗು ತಾಯ್ನುಡಿಯನ್ನು ಕಲಿಯುವ ಹಾಗೆಯೇ ಎರಡನೆಯ ಭಾಷೆಯನ್ನೂ ಕಲಿಯಬೇಕು, ನಡುವೆ ಅನುವಾದ ಬರಬಾರದು ಎಂಬುದು ಅದರ ತಿರುಳು. ಭಾರತದ ಟ್ರೇನಿಂಗ್ ಕಾಲೇಜುಗಳಿಗೂ ಅದು ಬಂತು. ಜರ್ಮನಿಯಲ್ಲಿ ಫ್ರೆಂಚ್ ಕಲಿಸಲು ಹೊರಟವರ ವಿಚಾರವನ್ನು ಬಂಗಾಳ, ಮೈಸೂರಿನ ಶಾಲೆಗಳಿಗೆ ಹಾಗೆಯೇ ಇಳಿಸಬಹುದೇ ಎಂದು ಕೇಳಿದವರು ಕಡಿಮೆ.

ಕೇಳಿದವರಲ್ಲಿ ಒಬ್ಬ ಮೈಕೇಲ್ ವೆಸ್ಟ್. ಢಾಕಾದ ಟೀಚರ್ಸ್ ಟ್ರೇನಿಂಗ್ ಕಾಲೇಜಿನ ಪ್ರಿನ್ಸಿಪಾಲನಾಗಿದ್ದ ಈತ 1926ರಲ್ಲಿ ಬಂಗಾಳದ ದ್ವಿಭಾಷಿಕತೆಯ ಬಗ್ಗೆ ದೊಡ್ಡದೊಂದು ಅಧ್ಯಯನ ಪ್ರಕಟಿಸಿದ. ಶಾಲೆಗೆ ಸೇರಿದ ಮಕ್ಕಳಲ್ಲಿ ಬಹುಪಾಲು ಮಂದಿ ಕೊನೆಯ ತರಗತಿಯವರೆಗೆ ಬರುವುದೇ ಇಲ್ಲ ಎಂಬುದನ್ನು ಅವನು ಗಮನಿಸಿದ್ದ. ನಡುವೆ ಬಿಟ್ಟುಹೋಗುವ ಹುಡುಗನ ಕೈಯಲ್ಲಿ ಉಳಿಯುವುದೇನು? ವಿಮಾ ಪಾಲಿಸಿಯನ್ನು ಅರ್ಧದಲ್ಲಿ ಬಿಟ್ಟರೂ ಒಂದಿಷ್ಟು ಹಣ ಮರಳಿ ಬರುತ್ತದಲ್ಲ, ಹಾಗೆ ಅರ್ಧದಲ್ಲಿ ಬಿಟ್ಟ ಇಂಗ್ಲಿಷಿನಿಂದಲೂ ಏನಾದರೂ ದಕ್ಕಬೇಕು ಎಂದು ಅವನು ವಾದಿಸಿದ. ಹಾಗೆ ದಕ್ಕುವುದು ಓದುವ ಶಕ್ತಿ; ಆದ್ದರಿಂದ ಮೊದಲು ಓದು ಕಲಿಸಿ ಎಂಬುದು ಅವನ ಉತ್ತರ. ಆ ಉತ್ತರವನ್ನು ಒಪ್ಪದವರೂ ಇದ್ದಾರೆ. ನನಗೆ ಮುಖ್ಯವೆನಿಸುವುದು ಅವನು ವಿಧಾನದಿಂದ ಹೊರಡದೆ ಎದುರಿಗೆ ಕೂತ ಮಗುವಿನಿಂದ ಹೊರಟ ಎಂಬುದು.

ಸ್ವಾತಂತ್ರ್ಯ ಬಂದ ಮೇಲೆ ಚಿತ್ರ ಬದಲಾಯಿತು. ಇಂಗ್ಲಿಷ್ ಆಳುವವರ ಭಾಷೆಯಾಗಿ ಉಳಿಯಲಿಲ್ಲ, ಆದರೆ ಹೊರಟುಹೋಗಲೂ ಇಲ್ಲ. ಪ್ರಾಂತ ಭಾಷೆಗಳು ಪ್ರೌಢಶಾಲೆಯ ಮಾಧ್ಯಮವಾದಂತೆ ಇಂಗ್ಲಿಷ್ ಒಂದು ಹೆಚ್ಚುವರಿ ಭಾಷೆಯಾಯಿತು. ಚರಿತ್ರೆ, ಗಣಿತ, ವಿಜ್ಞಾನವೆಲ್ಲ ಇಂಗ್ಲಿಷಿನಲ್ಲೇ ಇದ್ದಾಗ ಆ ಭಾಷೆ ದಿನವಿಡೀ ಕಿವಿಗೆ ಬೀಳುತ್ತಿತ್ತು. ಈಗ ಅದಕ್ಕೆ ಸಿಕ್ಕಿದ್ದು ದಿನಕ್ಕೊಂದು ಪಿರಿಯಡ್. ಹೀಗೆ ಇಂಗ್ಲಿಷನ್ನು ಒಂದು ಭಾಷೆಯಾಗಿ ಮಾತ್ರ ಕಲಿಸಬಲ್ಲ ಹೊಸ ಬಗೆಯ ಶಿಕ್ಷಕರು ಬೇಕಾದರು.

1958ರಲ್ಲಿ ಹೈದರಾಬಾದಿನಲ್ಲಿ ಸೆಂಟ್ರಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಸ್ಥಾಪನೆಯಾದದ್ದು ಈ ಅಗತ್ಯದಿಂದ. ಬ್ರಿಟಿಷ್ ಕೌನ್ಸಿಲ್ ಮತ್ತು ಫೋರ್ಡ್ ಫೌಂಡೇಶನ್ ಅದಕ್ಕೆ ನೆರವಾದವು. ಆರಂಭದ ವರ್ಷಗಳಲ್ಲಿ ಅದರ ನಿರ್ದೇಶಕರಾಗಿದ್ದವರು ನಮ್ಮ ವಿನಾಯಕ ಕೃಷ್ಣ ಗೋಕಾಕರು. ಈ ಸಂಗತಿಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಮುಂದೆ ಅದಕ್ಕೆ ಮರಳುತ್ತೇನೆ. 1963ರಲ್ಲಿ ದಕ್ಷಿಣದ ರಾಜ್ಯಗಳಿಗಾಗಿ ಬೆಂಗಳೂರಿನಲ್ಲಿ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಬಂತು.

ಆ ಕಾಲದ ತರಬೇತಿಯಲ್ಲಿ ಮೆರೆದದ್ದು ರಚನಾತ್ಮಕ ವಿಧಾನ. ಇಂಗ್ಲಿಷ್ ಭಾಷೆಯನ್ನು ವಾಕ್ಯರಚನೆಗಳಾಗಿ ಒಡೆದು, ಸುಲಭದಿಂದ ಕಷ್ಟಕ್ಕೆ ಜೋಡಿಸಿ, ಒಂದೊಂದನ್ನೇ ಸನ್ನಿವೇಶದ ಮೂಲಕ ತೋರಿಸಿ, ನಾಲಿಗೆಗೆ ರೂಢಿಯಾಗುವವರೆಗೆ ಹೇಳಿಸುವುದು. ಮೇಷ್ಟ್ರು ಬಾಗಿಲ ಕಡೆಗೆ ನಡೆಯುತ್ತ 'ಐ ಆಮ್ ವಾಕಿಂಗ್ ಟು ದ ಡೋರ್' ಎನ್ನಬೇಕು. ಮಕ್ಕಳು 'ಯು ಆರ್ ವಾಕಿಂಗ್ ಟು ದ ಡೋರ್' ಎನ್ನಬೇಕು. ಬೋರ್ಡಿನ ಮೇಲೆ ಕಂಬಸಾಲು ಎಳೆದು, ಮೊದಲ ಸಾಲಿನಲ್ಲಿ ಕರ್ತೃ, ಎರಡನೆಯದರಲ್ಲಿ ಕ್ರಿಯಾಪದ, ಮೂರನೆಯದರಲ್ಲಿ ಉಳಿದದ್ದು ಬರೆದರೆ ಅದು ಸಬ್‌ಸ್ಟಿಟ್ಯೂಷನ್ ಟೇಬಲ್. ಒಂದೊಂದು ಸಾಲಿನಿಂದ ಒಂದೊಂದು ಪದ ಆಯ್ದರೆ ಹತ್ತಾರು ಸರಿಯಾದ ವಾಕ್ಯಗಳು ಹುಟ್ಟುತ್ತವೆ. ಈ ಏರ್ಪಾಡಿನಲ್ಲಿ ವಸ್ತುವೇ ಅರ್ಥವನ್ನು ತೋರಿಸುವುದರಿಂದ ತಾಯ್ನುಡಿ ಬೇಡ, ಬಂದರೆ ಅಡ್ಡಿ ಎಂದು ಹೇಳಿಕೊಡಲಾಯಿತು. ನನ್ನ ಮೇಷ್ಟ್ರ ಕೈಯಲ್ಲಿದ್ದ ಡಸ್ಟರಿನ ಹುಟ್ಟು ಇಲ್ಲಿದೆ.

ಈ ನಂಬಿಕೆ ನಮ್ಮ ದೇಶದ್ದು ಮಾತ್ರವಾಗಿರಲಿಲ್ಲ. 1961ರಲ್ಲಿ ಉಗಾಂಡದ ಮೆಕರೆರೆಯಲ್ಲಿ, ಕಾಮನ್‌ವೆಲ್ತ್ ದೇಶಗಳಲ್ಲಿ ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಸುವ ಬಗ್ಗೆ ಒಂದು ಸಮ್ಮೇಳನ ನಡೆಯಿತು. ಮೂರು ದಶಕಗಳ ನಂತರ, 1992ರಲ್ಲಿ, ರಾಬರ್ಟ್ ಫಿಲಿಪ್ಸನ್ ಎಂಬ ವಿದ್ವಾಂಸ ಆ ಸಮ್ಮೇಳನದಿಂದ ಬೇರೂರಿದ ಐದು ನಂಬಿಕೆಗಳನ್ನು ಪಟ್ಟಿ ಮಾಡಿ, ಐದೂ ತಪ್ಪು ಎಂದು ವಾದಿಸಿದ. ಇಂಗ್ಲಿಷನ್ನು ಇಂಗ್ಲಿಷಿನಲ್ಲೇ ಕಲಿಸಬೇಕು ಎಂಬುದು ಆ ಪಟ್ಟಿಯ ಮೊದಲನೆಯದು. ತಾಯ್ನುಡಿಯಾಗಿ ಇಂಗ್ಲಿಷ್ ಆಡುವವನೇ ಆದರ್ಶ ಶಿಕ್ಷಕ ಎಂಬುದು ಎರಡನೆಯದು. ಇವೆರಡೂ ಒಂದೇ ಬಳ್ಳಿಯ ಕಾಯಿಗಳು. ಕನ್ನಡ ಬಾರದ ಪರಿಣತನೊಬ್ಬ ತರಬೇತಿ ಕೊಡಲು ಬಂದಾಗ ಕನ್ನಡವಿಲ್ಲದೆ ಕಲಿಸುವುದೇ ಶಾಸ್ತ್ರವಾಗುವುದು ಸಹಜ. ತನ್ನಲ್ಲಿಲ್ಲದ ಉಪಕರಣವನ್ನು ಬಳಸಿ ಎಂದು ಯಾರು ತಾನೇ ಹೇಳಿಕೊಟ್ಟಾರು?

ವಿಧಾನ ಸಿದ್ಧವಾಯಿತು, ಅದನ್ನು ಸಾವಿರಾರು ಶಿಕ್ಷಕರಿಗೆ ಮುಟ್ಟಿಸುವುದು ಹೇಗೆ? 1959ರಲ್ಲಿ ಮದರಾಸು ರಾಜ್ಯದಲ್ಲಿ ಆರಂಭವಾದ ಆಂದೋಲನವೊಂದು ಇದಕ್ಕೆ ದಾರಿ ಹುಡುಕಿತು. ಮೇಲಿನ ಹಂತದಲ್ಲಿ ಕೆಲವರಿಗೆ ತರಬೇತಿ. ಅವರು ಇನ್ನಷ್ಟು ಜನರಿಗೆ. ಅವರು ಊರೂರಿನ ಶಿಕ್ಷಕರಿಗೆ. ಉರುಳುತ್ತ ದೊಡ್ಡದಾಗುವ ಹಿಮದ ಉಂಡೆಗೆ ಇದನ್ನು ಹೋಲಿಸಿದ್ದರು. ಗುರಿ 27,000 ಶಿಕ್ಷಕರು. ಅದು ಇಂಗ್ಲಿಷಿನ ಆರಂಭದ ತರಗತಿಗಳ ಶಿಕ್ಷಕರಿಗಾಗಿ ನಡೆದದ್ದಾದರೂ ತರಬೇತಿಯ ಆ ಮಾದರಿ ಎಲ್ಲ ಹಂತಗಳಿಗೂ ಹಬ್ಬಿತು. ಇವತ್ತಿಗೂ ನಮ್ಮಲ್ಲಿ ಸಂಪನ್ಮೂಲ ವ್ಯಕ್ತಿಗಳು, ಜಿಲ್ಲೆ, ಬ್ಲಾಕು ಎಂದು ಇಳಿದುಬರುವುದು ಅದೇ ಮೆಟ್ಟಿಲುಗಳಲ್ಲಿ. ಹಾಗೆ ಇಳಿಯುವಾಗ ವಿಧಾನದ ಹಿಂದಿನ ಕಾರಣಗಳು ಒಂದೊಂದು ಮೆಟ್ಟಿಲಿನಲ್ಲೂ ಸೋರಿಹೋಗುತ್ತವೆ. ಕಡೆಯ ಮೆಟ್ಟಿಲಿಗೆ ಬಂದು ಮುಟ್ಟುವುದು 'ಹೀಗೆ ಮಾಡಿ', 'ಹೀಗೆ ಮಾಡಬೇಡಿ' ಎಂಬ ಸೂಚನೆಗಳು ಮಾತ್ರ. 'ಕನ್ನಡ ಬಳಸಬೇಡಿ' ಎಂಬ ಸೂಚನೆಯಂತೂ ಸೋರುವುದೇ ಇಲ್ಲ. ಅದು ತುಂಬ ಚಿಕ್ಕದು, ನೆನಪಿಡಲು ಸುಲಭ, ಪರಿವೀಕ್ಷಕರಿಗೆ ಹಿಂದಿನ ಬೆಂಚಿನಿಂದಲೇ ಅಳೆಯಲು ಬರುವಂಥದ್ದು.

ಈ ಚರಿತ್ರೆಯಲ್ಲಿ ನನಗೆ ಅತ್ಯಂತ ಕುತೂಹಲ ಹುಟ್ಟಿಸುವುದು 1979ರಿಂದ 1984ರವರೆಗಿನ ಐದು ವರ್ಷಗಳು. ಆಗ ಬೆಂಗಳೂರಿನಲ್ಲಿ ಭಾಷೆಯ ಬಗ್ಗೆ ಎರಡು ದೊಡ್ಡ ಸಂಗತಿಗಳು ಅಕ್ಕಪಕ್ಕದಲ್ಲೇ ನಡೆದವು.

ಒಂದು, ಭಾಷಾಬೋಧನೆಯ ಜಗತ್ತಿನಲ್ಲಿ 'ಬ್ಯಾಂಗಲೋರ್ ಪ್ರಾಜೆಕ್ಟ್' ಎಂದೇ ಹೆಸರಾದ ಪ್ರಯೋಗ. ಮದರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು ಅದನ್ನು ಬೆಂಗಳೂರಿನ ರೀಜನಲ್ ಇನ್‌ಸ್ಟಿಟ್ಯೂಟ್ ಸಹಯೋಗದಲ್ಲಿ ನಡೆಸಿದರು. ಬೆಂಗಳೂರು, ಮದರಾಸು ಮೊದಲಾದ ಊರುಗಳ ಕೆಲವು ಸಾಮಾನ್ಯ ಶಾಲೆಗಳೇ ಪ್ರಯೋಗಶಾಲೆ. ರಚನಾತ್ಮಕ ವಿಧಾನದಲ್ಲಿ ತರಗತಿಯೊಳಗೆ ಸರಿಯಾಗಿ ಹೇಳಿದ ವಾಕ್ಯವನ್ನು ಮಗು ಹೊರಗೆ ಬಂದೊಡನೆ ತಪ್ಪಾಗಿ ಹೇಳುವುದೇಕೆ ಎಂಬುದು ಅವರನ್ನು ಕಾಡಿದ ಪ್ರಶ್ನೆ. ಅವರ ಊಹೆ ಹೀಗಿತ್ತು: ಮನಸ್ಸು ಅರ್ಥದಲ್ಲಿ ಮುಳುಗಿದ್ದಾಗ ವ್ಯಾಕರಣ ತಾನಾಗಿ ಒಳಗೆ ಇಳಿಯುತ್ತದೆ. ಹಾಗಾಗಿ ಅವರು ವಾಕ್ಯರಚನೆಗಳ ಪಟ್ಟಿಯನ್ನೇ ಕೈಬಿಟ್ಟರು. ಮಕ್ಕಳ ಮುಂದೆ ನಕ್ಷೆಯನ್ನೋ ರೈಲು ವೇಳಾಪಟ್ಟಿಯನ್ನೋ ಇಟ್ಟು ಒಂದು ಸಮಸ್ಯೆ ಕೊಟ್ಟರು. ಮೊದಲು ಮೇಷ್ಟ್ರು ಇಡೀ ತರಗತಿಯೊಂದಿಗೆ ಮಾತಾಡುತ್ತ ಅಂಥದೇ ಒಂದು ಸಮಸ್ಯೆಯನ್ನು ಬಿಡಿಸುವುದು, ಆಮೇಲೆ ಪ್ರತಿಯೊಬ್ಬರೂ ಇನ್ನೊಂದನ್ನು ತಾವೇ ಬಿಡಿಸುವುದು. ಅಂಕ ಸಿಗುತ್ತಿದ್ದದ್ದು ಸರಿಯಾದ ಉತ್ತರಕ್ಕೇ ಹೊರತು ವಾಕ್ಯದ ಶುದ್ಧಿಗೆ ಅಲ್ಲ. ಇಂದು ಜಗತ್ತಿನ ಅನೇಕ ಕಡೆ ಬಳಕೆಯಲ್ಲಿರುವ ಕಾರ್ಯಾಧಾರಿತ ಬೋಧನೆಯ ಮೊದಲ ದೊಡ್ಡ ಪ್ರಯೋಗಗಳಲ್ಲಿ ಇದೂ ಒಂದು.

ಎರಡನೆಯ ಸಂಗತಿ ಗೋಕಾಕ್ ಚಳವಳಿ. ಆಗ ಪ್ರೌಢಶಾಲೆಯಲ್ಲಿ ಸಂಸ್ಕೃತವನ್ನೋ ಮತ್ತೊಂದನ್ನೋ ಪ್ರಥಮ ಭಾಷೆಯಾಗಿ ಆರಿಸಿಕೊಂಡು ಕನ್ನಡ ಓದದೆಯೇ ಹತ್ತನೆಯ ತರಗತಿ ದಾಟಬಹುದಿತ್ತು. 1980ರ ಜುಲೈನಲ್ಲಿ ಸರ್ಕಾರ ಗೋಕಾಕರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿತು. 1981ರ ಜನವರಿಯಲ್ಲಿ ವರದಿ ಬಂತು: ಪ್ರೌಢಶಾಲೆಯಲ್ಲಿ 150 ಅಂಕಗಳ ಏಕೈಕ ಪ್ರಥಮ ಭಾಷೆ ಕನ್ನಡವಾಗಬೇಕು. ವರದಿಯ ಜಾರಿಗಾಗಿ ನಡೆದ ಹೋರಾಟ, 1982ರಲ್ಲಿ ರಾಜ್‌ಕುಮಾರ್ ಅದಕ್ಕೆ ಧುಮುಕಿದ್ದು, ಊರೂರುಗಳಲ್ಲಿ ಸೇರಿದ ಜನಸಾಗರ, ಇವೆಲ್ಲ ನಮ್ಮ ಹಿರಿಯರು ಕಣ್ಣಾರೆ ಕಂಡದ್ದು.

ಹೈದರಾಬಾದಿನಲ್ಲಿ ದೇಶದ ಇಂಗ್ಲಿಷ್ ಶಿಕ್ಷಕರ ತರಬೇತಿಯ ಚುಕ್ಕಾಣಿ ಹಿಡಿದಿದ್ದ ಅದೇ ಗೋಕಾಕರು ಪ್ರೌಢಶಾಲೆಯಲ್ಲಿ ಕನ್ನಡದ ಸ್ಥಾನವನ್ನು ಎತ್ತಿ ಹಿಡಿದ ವರದಿಗೂ ಸಹಿ ಹಾಕಿದರು. ಇದರಲ್ಲಿ ವಿರೋಧಾಭಾಸ ಕಾಣುವವರಿದ್ದಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಕನ್ನಡವನ್ನು ಗಟ್ಟಿಯಾಗಿ ಕಲಿತ ಮಗು ಇಂಗ್ಲಿಷನ್ನೂ ಕಲಿಯಬಲ್ಲದು ಎಂದು ನಂಬಿದವನಿಗೆ ಅವೆರಡೂ ಒಂದೇ ಕೆಲಸದ ಎರಡು ಭಾಗ. ಹೋರಾಟದ ಮುಂಚೂಣಿಯಲ್ಲಿದ್ದ ಚಂದ್ರಶೇಖರ ಪಾಟೀಲರು ಕೂಡ ಇಂಗ್ಲಿಷ್ ಪ್ರಾಧ್ಯಾಪಕರೇ.

ನನಗೆ ಬೇಸರ ತರಿಸುವುದು ಬೇರೆ. ಆ ಎರಡು ಸಂಗತಿಗಳು ಒಂದಕ್ಕೊಂದು ಮುಖ ತಿರುಗಿಸಿ ನಿಂತವು. ಚಳವಳಿಯ ಚರ್ಚೆ ಅಂಕ, ಸ್ಥಾನ, ಉದ್ಯೋಗದ ಸುತ್ತ ನಡೆಯಿತು. ತರಗತಿಯಲ್ಲಿ ಎರಡು ಭಾಷೆಗಳು ಪರಸ್ಪರ ಹೇಗೆ ನೆರವಾಗಬಹುದು ಎಂಬ ಪ್ರಶ್ನೆ ಅದರ ಮುಖ್ಯ ವಿಷಯವಾಗಲಿಲ್ಲ. ಇತ್ತ ಪ್ರಯೋಗದ ಬಗ್ಗೆ ಜಗತ್ತಿನ ನಿಯತಕಾಲಿಕಗಳಲ್ಲಿ ನಡೆದ ವಾದವೂ ಹೆಚ್ಚಾಗಿ ವಿಧಾನ ಮತ್ತು ಪರೀಕ್ಷೆಯ ಸುತ್ತಲೇ ಇತ್ತು. 1985ರಲ್ಲಿ ಪ್ರಕಟವಾದ ಬೆರೆಟ್ಟಾ ಮತ್ತು ಡೇವಿಸ್ ಅವರ ಮೌಲ್ಯಮಾಪನದಲ್ಲಿ, ಹಳೆಯ ಬಗೆಯ ರಚನೆಯ ಪರೀಕ್ಷೆಯಲ್ಲಿ ಹಳೆಯ ತರಗತಿಯ ಮಕ್ಕಳೂ, ಕಾರ್ಯಾಧಾರಿತ ಪರೀಕ್ಷೆಯಲ್ಲಿ ಪ್ರಯೋಗದ ಮಕ್ಕಳೂ ಮುಂದಿದ್ದರು. ಎರಡಕ್ಕೂ ಸೇರದ ಪರೀಕ್ಷೆಗಳ ಫಲ ಒಟ್ಟಾರೆ ಪ್ರಯೋಗದ ಕಡೆಗೆ ವಾಲಿತ್ತು. ಆಮೇಲೆ ಬೆರೆಟ್ಟಾ ಇನ್ನೊಂದು ಪ್ರಶ್ನೆ ಕೇಳಿದ: ಪಾಠ ಮಾಡಿದವರು ಯಾರು? ಅವರಲ್ಲಿ ಹೆಚ್ಚಿನವರು ಇಂಗ್ಲಿಷಿನಲ್ಲಿ ಪಳಗಿದ್ದ ತರಬೇತುದಾರರು. ಶಾಲೆಯ ಮಾಮೂಲಿ ಶಿಕ್ಷಕರಿಗೆ ಆ ವಿಧಾನ ಅಷ್ಟು ಸುಲಭವಾಗಿ ಒಲಿಯಲಿಲ್ಲ. ವೇಳಾಪಟ್ಟಿ ಹಿಡಿದು, ಮಕ್ಕಳು ಎತ್ತ ಹೊರಳಿದರೂ ಅತ್ತ ಇಂಗ್ಲಿಷಿನಲ್ಲೇ ಮಾತು ಬೆಳೆಸುವುದೆಂದರೆ ಶಿಕ್ಷಕನ ನಾಲಿಗೆಯಲ್ಲಿ ಇಂಗ್ಲಿಷ್ ಸಲೀಸಾಗಿ ಹರಿಯಬೇಕು. ನನ್ನ ಮೇಷ್ಟ್ರು ಓದಿದ್ದು ಇತಿಹಾಸ. ಸಮಾಜ ವಿಜ್ಞಾನದ ಜೊತೆಗೆ ಇಂಗ್ಲಿಷೂ ಅವರ ಪಾಲಿಗೆ ಬಂದಿತ್ತು.

ಪ್ರಭು ಅವರ ದೊಡ್ಡತನ ಕಾಣುವುದು ಆಮೇಲೆ. ಒಂದು ವಿಧಾನಕ್ಕೆ ಜಗತ್ತಿನಲ್ಲಿ ಹೆಸರು ತಂದುಕೊಟ್ಟ ಆ ಮನುಷ್ಯ 1990ರಲ್ಲಿ ಬರೆದ ಪ್ರಬಂಧದಲ್ಲಿ, ಎಲ್ಲರಿಗೂ ಒಪ್ಪುವ ಅತ್ಯುತ್ತಮ ವಿಧಾನ ಎಂಬುದೇ ಇಲ್ಲ ಎಂದು ವಾದಿಸಿದರು. ತಾನು ಮಾಡುತ್ತಿರುವುದರಿಂದ ಕಲಿಕೆ ಹೇಗೆ ಆಗುತ್ತದೆ ಎಂಬ ಬಗ್ಗೆ ಪ್ರತಿ ಶಿಕ್ಷಕನಲ್ಲೂ ಅನುಭವದಿಂದ ಬಂದ ಒಂದು ಒಳನಂಬಿಕೆ ಇರುತ್ತದೆ. ಆ ನಂಬಿಕೆ ಜೀವಂತವಾಗಿದ್ದರೆ ಪಾಠಕ್ಕೆ ಜೀವ, ಇಲ್ಲವಾದರೆ ಎಂಥ ವಿಧಾನವೂ ಯಾಂತ್ರಿಕ. ಹಾಗಾದರೆ ತರಬೇತಿಯ ಕೆಲಸ ಶಿಕ್ಷಕರಿಗೆ ವಿಧಾನ ಹಂಚುವುದಲ್ಲ. ಅವರಲ್ಲಿ ಈಗಾಗಲೇ ಇರುವ ನಂಬಿಕೆಯನ್ನು ಹೊರತೆಗೆದು, ಅದನ್ನು ಪರೀಕ್ಷೆಗೊಡ್ಡಿ ಬೆಳೆಸುವುದು.

ಇದನ್ನು ಓದಿದ ಮೇಲೆ ಕಳೆದ ವರ್ಷ ನಿವೃತ್ತರಾಗಿರುವ ನನ್ನ ಮೇಷ್ಟ್ರನ್ನು ನೋಡಲು ಹೋದೆ. ಜಗಲಿಯ ಮೇಲೆ ಕೂತು ಕಾಫಿ ಕುಡಿಯುತ್ತ ಡಸ್ಟರಿನ ಕಥೆ ನೆನಪಿಸಿದೆ. ಈ ಸಲ ಅವರೂ ನಕ್ಕರು. ಅವತ್ತು ಅರ್ಧಕ್ಕೆ ನಿಂತ ಪಾಠ ಯಾವುದು ಗೊತ್ತೇ ಎಂದು ಕೇಳಿದರು. ನನಗೆ ಗೊತ್ತಿತ್ತು. ಬೋರ್ಡಿನ ಮೇಲಿದ್ದ ಮೂರು ವಾಕ್ಯಗಳು 'ಹಿ ಕೇಮ್', 'ಹಿ ಹ್ಯಾಸ್ ಕಮ್', 'ಹಿ ಹ್ಯಾಡ್ ಕಮ್'. ಅವುಗಳ ಪಕ್ಕದಲ್ಲಿ ಅವರು ಬರೆದದ್ದು 'ಬಂದ', 'ಬಂದಿದ್ದಾನೆ', 'ಬಂದಿದ್ದ'. ವ್ಯಾಕರಣ ಪುಸ್ತಕದಲ್ಲಿ ಪುಟಗಟ್ಟಲೆ ಓದಿದರೂ ಹತ್ತದ್ದು ಆ ಮೂರು ಕನ್ನಡ ಪದಗಳಿಂದ ಒಂದೇ ಏಟಿಗೆ ಹತ್ತಿತ್ತು. ಅವರು ಅಲ್ಲಿಗೇ ಬಿಡುತ್ತಿರಲಿಲ್ಲ. 'ನಿನ್ನೆಯೇ ಬಂದಿದ್ದಾನೆ' ಎಂದು ಕನ್ನಡದಲ್ಲಿ ಅನ್ನಬಹುದು, ಆದರೆ ಇಂಗ್ಲಿಷಿನಲ್ಲಿ 'ಹ್ಯಾಸ್ ಕಮ್' ಪಕ್ಕದಲ್ಲಿ 'ಯೆಸ್ಟರ್‌ಡೇ' ನಿಲ್ಲುವುದಿಲ್ಲ, ಅಲ್ಲಿ ಎಚ್ಚರ ಎನ್ನುತ್ತಿದ್ದರು. 'ಎ' ಮತ್ತು 'ದ' ಕಲಿಸಿದ್ದು ಅಜ್ಜಿ ಕಥೆಯಿಂದ: ಒಂದೂರಲ್ಲಿ ಒಬ್ಬ ರಾಜ ಇದ್ದ, ಆ ರಾಜನಿಗೆ ಇಬ್ಬರು ಹೆಂಡಿರು. ಮೊದಲ ಸಲ 'ಒಬ್ಬ', ಎರಡನೆಯ ಸಲ 'ಆ'. ಕನ್ನಡದಲ್ಲಿ ಆರ್ಟಿಕಲ್ ಇಲ್ಲವೆಂದು ನಾವು ಅಂದುಕೊಂಡಿದ್ದೆವು. ಅದರ ಕೆಲಸ ಮಾಡುವ ಪದಗಳು ನಮ್ಮ ಅಜ್ಜಿಯ ಬಾಯಲ್ಲೇ ಇದ್ದವು.

'ಇದನ್ನು ತರಬೇತಿಯಲ್ಲಿ ಯಾಕೆ ಹೇಳಲಿಲ್ಲ ಸಾರ್?' ಎಂದೆ.

'ಅಲ್ಲಿ ನಮ್ಮನ್ನ ಏನಾದ್ರೂ ಕೇಳಿದ್ರೆ ತಾನೇ ಹೇಳೋದು? ಅವರು ಹೇಳೋರು, ನಾವು ಬರ್ಕೊಳ್ಳೋದು. ನಾನು ಕನ್ನಡದಲ್ಲಿ ಹೇಳಿಕೊಡೋದು ನನ್ನ ಇಂಗ್ಲಿಷ್ ಸಾಲದು ಅಂತ ಅಂತಲೇ ಅಂದ್ಕೊಂಡಿದ್ದೆ ಕಣಮ್ಮ. ಅದೂ ಒಂದು ಪಾಠದ ದಾರಿ ಅಂತ ಅನ್ಕೊಂಡಿರಲಿಲ್ಲ.'

ಆ ಮಾತು ನನ್ನನ್ನು ಇನ್ನೂ ಬಿಟ್ಟಿಲ್ಲ. ಇಷ್ಟು ಹೇಳಿ ಲೇಖನ ಮುಗಿಸಿದರೆ ನನಗೆ ಅನುಕೂಲ. ಆದರೆ ಅವತ್ತು ಅವರಿಗೆ ಹೇಳದ ಒಂದು ಮಾತು ನನ್ನಲ್ಲಿ ಉಳಿದಿದೆ. ಪದವಿಗೆಂದು ಬೆಂಗಳೂರಿಗೆ ಬಂದ ಮೊದಲ ವರ್ಷ ನಾನು ಸೆಮಿನಾರಿನಲ್ಲಿ ಎದ್ದು ನಿಂತು ಎರಡು ವಾಕ್ಯ ಹೇಳಲಾರದೆ ಕುಳಿತುಬಿಟ್ಟಿದ್ದೆ. ಓದಿದರೆ ಅರ್ಥವಾಗುತ್ತಿತ್ತು, ಬರೆಯಲೂ ಬರುತ್ತಿತ್ತು. ಬಾಯಿ ಮಾತ್ರ ಏಳುತ್ತಿರಲಿಲ್ಲ. ಏಕೆಂದರೆ ಮೂರು ವರ್ಷದ ಇಂಗ್ಲಿಷ್ ಪಿರಿಯಡ್‌ಗಳಲ್ಲಿ ನಾವು ಇಂಗ್ಲಿಷ್ ಕೇಳಿದ್ದು ಕಡಿಮೆ, ಆಡಿದ್ದು ಇನ್ನೂ ಕಡಿಮೆ. ನೇರ ವಿಧಾನದವರು, ಡಸ್ಟರಿನವರು, ಪ್ರಭು ಅವರು ಎಲ್ಲರೂ ಬೇರೆ ಬೇರೆ ಬಾಗಿಲಿನಿಂದ ಬಂದು ಹೇಳಿದ್ದು ಇದನ್ನೇ: ಭಾಷೆ ಕಿವಿಗೆ ಬೀಳಬೇಕು, ನಾಲಿಗೆಯ ಮೇಲೆ ಓಡಾಡಬೇಕು. ಅವರು ಹೇಳಿದ್ದು ಸುಳ್ಳಲ್ಲ. ಗೈಡ್ ಓದಿಸಿ ಕನ್ನಡದಲ್ಲಿ ಸಾರಾಂಶ ಹೇಳಿ ಮುಗಿಸುವ ತರಗತಿಗಳೂ ನಮ್ಮಲ್ಲಿ ಬೇಕಾದಷ್ಟಿವೆ. ಕನ್ನಡ ಬಂದ ಮಾತ್ರಕ್ಕೆ ಪಾಠ ಒಳ್ಳೆಯದಾಗುವುದಿಲ್ಲ.

ಎಷ್ಟು ಕನ್ನಡ, ಯಾವಾಗ, ಯಾವುದಕ್ಕೆ? 'ಬಂದಿದ್ದ' ಎಂಬ ಒಂದು ಪದ ಹತ್ತು ನಿಮಿಷ ಉಳಿಸಿಕೊಟ್ಟರೆ ಆ ಹತ್ತು ನಿಮಿಷವನ್ನು ಇಂಗ್ಲಿಷ್ ಮಾತಿಗೆ ಬಳಸುವುದು ಹೇಗೆ? ಇದು ನಿಜವಾದ ಬೋಧನಾಶಾಸ್ತ್ರದ ಪ್ರಶ್ನೆ. ಇದನ್ನು ಮೇಷ್ಟ್ರುಗಳ ಜೊತೆ ಕೂತು ಬಿಡಿಸಬೇಕಿತ್ತು. ಒಂದು ನಿಷೇಧ ಅದನ್ನು ಕೇಳದಂತೆ ಮಾಡಿತು. ಬಚ್ಚಿಟ್ಟು ಮಾಡುವ ಕೆಲಸ ಸುಧಾರಿಸುವುದಿಲ್ಲ, ಅದನ್ನು ಯಾರೂ ನೋಡಿ ತಿದ್ದುವುದಿಲ್ಲ. ನನ್ನ ಮೇಷ್ಟ್ರ ಕನ್ನಡದಲ್ಲಿ ಇದ್ದ ಒಳ್ಳೆಯದು ಪಕ್ಕದ ಶಾಲೆಗೆ ದಾಟಲಿಲ್ಲ. ಅದರಲ್ಲಿದ್ದ ಕೊರತೆ ಅವರಿಗೂ ಕಾಣಲಿಲ್ಲ.

ಈಚೆಗೆ ಗಾಳಿ ಒಂದಿಷ್ಟು ತಿರುಗಿದೆ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ತರಗತಿಯ ಬಹುಭಾಷಿಕತೆಯನ್ನು ಸಂಪನ್ಮೂಲವೆಂದು ಕರೆಯಿತು. ಮನೆಮಾತಿಗೂ ಇಂಗ್ಲಿಷಿಗೂ ನಡುವೆ ಓಡಾಡಿ ಕಲಿಸುವುದರ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ವಿಚಾರಸಂಕಿರಣಗಳು ನಡೆಯುತ್ತಿವೆ. ಅವುಗಳಿಗೆ ಹೊಸ ಇಂಗ್ಲಿಷ್ ಹೆಸರುಗಳಿವೆ. ಆ ಹೆಸರುಗಳು ಮುಂದೊಂದು ದಿನ ಅದೇ ಮೆಟ್ಟಿಲುಗಳನ್ನಿಳಿದು ಹೋಬಳಿ ಶಾಲೆಗೆ ಬಂದು, ಅಲ್ಲಿ ಮೊದಲಿನಿಂದಲೂ ಇದ್ದದ್ದನ್ನೇ ಹೊಸತೆಂದು ಕಲಿಸಬಹುದು.

ಕನ್ನಡ ಸಾಹಿತ್ಯದ ಓದುಗರಾದ ನಮಗೆ ಇಂಗ್ಲಿಷ್ ಮೇಷ್ಟ್ರುಗಳೆಂದರೆ ಅಭಿಮಾನ. ಬಿ.ಎಂ.ಶ್ರೀ, ಗೋಕಾಕ, ಅನಂತಮೂರ್ತಿ, ಲಂಕೇಶ್, ಎಲ್ಲರೂ ಇಂಗ್ಲಿಷ್ ಪಾಠ ಹೇಳಿದವರೇ. ಎರಡು ಭಾಷೆಗಳ ನಡುವೆ ಓಡಾಡಿದ್ದರಿಂದಲೇ ಅವರು ದೊಡ್ಡವರಾದರು ಎಂದು ನಾವು ಹೆಮ್ಮೆಯಿಂದ ಬರೆಯುತ್ತೇವೆ. ಅದೇ ಓಡಾಟವನ್ನು ಮುರುಕು ಬೋರ್ಡಿನ ಮೇಲೆ, ಅರವತ್ತು ಮಕ್ಕಳ ಮುಂದೆ, ನಲವತ್ತು ನಿಮಿಷದಲ್ಲಿ ಮಾಡಿದ ಪ್ರೌಢಶಾಲೆಯ ಮೇಷ್ಟ್ರನ್ನು ಮಾತ್ರ ಇಂಗ್ಲಿಷ್ ಬಾರದವರೆಂದು ನಕ್ಕೆವು. ನಕ್ಕವರಲ್ಲಿ ನಾನೂ ಒಬ್ಬಳು.

ಹೊರಡುವಾಗ ಮೇಷ್ಟ್ರು ಒಳಗಿನಿಂದ ಒಂದು ಹಳೆಯ ನೋಟ್‌ಬುಕ್ ತಂದುಕೊಟ್ಟರು. ಎಡಪುಟದಲ್ಲಿ ಪರಿವೀಕ್ಷಕರಿಗೆ ತೋರಿಸಲೆಂದು ಇಂಗ್ಲಿಷಿನಲ್ಲಿ ಬರೆದ ಪಾಠ ಯೋಜನೆ. ಬಲಪುಟದಲ್ಲಿ ಪೆನ್ಸಿಲಿನಲ್ಲಿ, ಸಣ್ಣ ಅಕ್ಷರದಲ್ಲಿ, ಕನ್ನಡ. 'ಅಳಿಸಬೇಕು ಅಂದ್ರೆ ಅಳಿಸಬಹುದು ಅಂತ ಪೆನ್ಸಿಲ್‌ನಲ್ಲಿ ಬರೀತಿದ್ದೆ' ಎಂದರು. ನನ್ನ ಪ್ರಬಂಧಕ್ಕಾಗಿ ನಾನೀಗ ಆ ಬಲಪುಟಗಳನ್ನು ಒಂದೊಂದಾಗಿ ಶಾಯಿಯಲ್ಲಿ ನಕಲು ಮಾಡಿಕೊಳ್ಳುತ್ತಿದ್ದೇನೆ.